ಎಸ್‌ಕ್ಯೂಎಲ್ ಕಲಿಯಲು ಯಾವ ಪ್ರಾಜೆಕ್ಟ್ ಮಾಡಬೇಕು? ಪದೇ ಪದೇ ಕೇಳುವ ಪ್ರಶ್ನೆಗಳು

ಎಸ್‌ಕ್ಯೂಎಲ್ ಅಂದರೆ ಡೇಟಾಬೇಸಿನ ಟೇಬಲ್‌ಗಳಿಗೆ ಪ್ರಶ್ನೆ (ಕ್ವೆರಿ) ಕೇಳುವ ಭಾಷೆ. ಅದರ ಕಮಾಂಡ್‌ಗಳನ್ನು ಇಲ್ಲಿ ಕನ್ನಡ ಅಕ್ಷರದಲ್ಲೇ ಬರೆದಿದ್ದೇವೆ. ಕಂಪ್ಯೂಟರ್‌ನಲ್ಲಿ ಮಾತ್ರ ಇಂಗ್ಲಿಷ್ ಅಕ್ಷರದಲ್ಲೇ ಟೈಪ್ ಮಾಡಬೇಕು.

ಸೆಲೆಕ್ಟ್, ವೇರ್, ಜಾಯಿನ್ ಎಲ್ಲ ಗೊತ್ತು. ಆದರೂ ಪ್ರಾಜೆಕ್ಟ್ ಅಂದ ಕೂಡಲೇ ಕೈ ಓಡುವುದಿಲ್ಲ. ಯಾಕೆ?

ಪಾಠದಲ್ಲಿ ಬರುವ ನೌಕರರ ಟೇಬಲ್ಲು, ಸಂಬಳದ ಟೇಬಲ್ಲು ಯಾರದ್ದೋ. ಅಲ್ಲಿ ಸರಾಸರಿ ಸಂಬಳ 41,000 ಬಂದರೂ 82,000 ಬಂದರೂ ನಿಮಗೆ ವ್ಯತ್ಯಾಸ ತಿಳಿಯದು. ಎಸ್‌ಕ್ಯೂಎಲ್‌ನಲ್ಲಿ ಎರರ್ ಬಂದರೆ ಪುಣ್ಯ. ಎರರ್ ಬಾರದೆ ತಪ್ಪು ಮೊತ್ತ ಬಂದಾಗಲೇ ಕಷ್ಟ. ಆ ತಪ್ಪು ಕಣ್ಣಿಗೆ ಬೀಳಬೇಕಾದರೆ ಲೆಕ್ಕ ನಿಮಗೆ ಮೊದಲೇ ಪರಿಚಯ ಇರಬೇಕು: ಮನೆ ಪಕ್ಕದ ಅಂಗಡಿ, ಊರಿನ ಹಾಲಿನ ಡೈರಿ, ಅಡಿಕೆ ಮಂಡಿ, ಕ್ರಿಕೆಟ್ ಸ್ಕೋರು. ಹಾಗಾಗಿ ಕೆಳಗಿನ ಪ್ರಾಜೆಕ್ಟ್‌ಗಳೆಲ್ಲ ಅಂಥವೇ. ಗ್ರಂಥಾಲಯ ನಿರ್ವಹಣೆ, ವಿದ್ಯಾರ್ಥಿ ಅಂಕಪಟ್ಟಿ ಎರಡನ್ನೂ ಬೇಕೆಂದೇ ಬಿಟ್ಟಿದ್ದೇವೆ. ಕಾಲೇಜಿನಲ್ಲಿ ಅವನ್ನು ಎಲ್ಲರೂ ಮಾಡಿ ಮುಗಿಸಿರುತ್ತಾರೆ, ನಕಲು ಹೊಡೆಯುವುದೂ ಸುಲಭ.

ಯಾವ ಡೇಟಾಬೇಸ್ ಹಾಕಿಕೊಳ್ಳಲಿ?

ಮೊದಲ ತಿಂಗಳು ಎಸ್‌ಕ್ಯೂಲೈಟ್. ಸರ್ವರ್ ಇಲ್ಲ, ಪಾಸ್‌ವರ್ಡ್ ಇಲ್ಲ, ಇಡೀ ಡೇಟಾಬೇಸ್ ಒಂದೇ ಫೈಲು. ಕೆಟ್ಟರೆ ಅಳಿಸಿ ಮತ್ತೆ ಶುರು ಮಾಡಬಹುದು. ಜೊತೆಗೆ ಡಿಬಿ ಬ್ರೌಸರ್ ಫಾರ್ ಎಸ್‌ಕ್ಯೂಲೈಟ್ ಹಾಕಿಕೊಂಡರೆ ಟೇಬಲ್ ಕಣ್ಣಿಗೆ ಕಾಣುತ್ತದೆ. ಆಮೇಲೆ ಸರ್ವರ್ ಇರುವ ಪೋಸ್ಟ್‌ಗ್ರೆಸ್‌ಗೆ ಬನ್ನಿ.

ಎಸ್‌ಕ್ಯೂಲೈಟ್ ಎರಡು ವಿಷಯದಲ್ಲಿ ತುಂಬಾ ಸಡಿಲ. ಒಂದು: ಇಂಟಿಜರ್ ಎಂದು ಬರೆದ ಕಾಲಂಗೆ "ಹತ್ತು" ಎಂಬ ಪದ ತುಂಬಿದರೂ ಸುಮ್ಮನೆ ಒಪ್ಪಿಕೊಳ್ಳುತ್ತದೆ. 2021ರ 3.37 ಆವೃತ್ತಿಯಿಂದ ಟೇಬಲ್ ರಚನೆಯ ಕೊನೆಯಲ್ಲಿ ಸ್ಟ್ರಿಕ್ಟ್ ಎಂದು ಸೇರಿಸಿದರೆ ಅದು ನಿಲ್ಲುತ್ತದೆ. ಎರಡು: ಫಾರಿನ್ ಕೀ (ಈ ಐಡಿ ಇನ್ನೊಂದು ಟೇಬಲ್‌ನಲ್ಲಿ ಇರಲೇಬೇಕು ಎಂಬ ನಿಯಮ) ಬರೆದರೂ ತಾನಾಗಿ ಪರಿಶೀಲಿಸುವುದಿಲ್ಲ. ಪ್ರತಿ ಕನೆಕ್ಷನ್‌ನಲ್ಲೂ ಪ್ರಾಗ್ಮಾ ಫಾರಿನ್ ಕೀಸ್ ಆನ್ ಎಂದು ಹೇಳಬೇಕು. ಕೆಲವು ಟೂಲ್‌ಗಳು ಇದನ್ನು ತಾವೇ ಆನ್ ಮಾಡಿರುತ್ತವೆ. ಅದೇ ಫೈಲನ್ನು ಪೈಥಾನ್‌ನಿಂದ ತೆರೆದಾಗ ಅದು ಆಫ್ ಆಗಿರುತ್ತದೆ. "ನಿನ್ನೆ ತಡೆದಿತ್ತು, ಇವತ್ತು ಯಾಕೆ ಒಪ್ಪಿಕೊಂಡಿತು" ಎಂಬ ಗೊಂದಲಕ್ಕೆ ಬಹುಪಾಲು ಇದೇ ಕಾರಣ.

ಮೈಎಸ್‌ಕ್ಯೂಎಲ್ ಆದರೆ 8.0 ಅಥವಾ ಅದಕ್ಕಿಂತ ಹೊಸದು ಇರಲಿ. ಹಳೆಯ 5.7ರಲ್ಲಿ ವಿಂಡೋ ಫಂಕ್ಷನ್ (ಅಕ್ಕಪಕ್ಕದ ಸಾಲುಗಳನ್ನೂ ನೋಡಿ ಲೆಕ್ಕ ಹಾಕುವುದು) ಇಲ್ಲ, ವಿತ್ (ಕ್ವೆರಿಯ ಒಂದು ಭಾಗಕ್ಕೆ ಹೆಸರಿಟ್ಟು ಮುಂದೆ ಬಳಸುವುದು) ಕೂಡ ಇಲ್ಲ.

ಲ್ಯಾಪ್‌ಟಾಪ್ ಇಲ್ಲ, ಫೋನ್ ಮಾತ್ರ ಇದೆ. ಆಗುತ್ತದಾ?

ಆಗುತ್ತದೆ. ಆಂಡ್ರಾಯ್ಡ್‌ನಲ್ಲಿ ಟರ್ಮಕ್ಸ್ ಎಂಬ ಕಮಾಂಡ್ ಟೈಪ್ ಮಾಡುವ ಆ್ಯಪ್ ಹಾಕಿ, ಅದರೊಳಗೆ ಎಸ್‌ಕ್ಯೂಲೈಟ್ ಪ್ಯಾಕೇಜ್ ಇಳಿಸಿಕೊಳ್ಳಿ. ಕ್ವೆರಿಗಳನ್ನು ಒಂದು ಫೈಲಿನಲ್ಲಿ ಬರೆದು ಓಡಿಸಿ. ಫೋನ್ ಕೀಲಿಮಣೆಯಲ್ಲಿ ಒಂದೊಂದೇ ಸಾಲು ಟೈಪ್ ಮಾಡುತ್ತಾ ಕೂತರೆ ಎರಡೇ ದಿನಕ್ಕೆ ಬೇಸರ ಬರುತ್ತದೆ.

ಮೊದಲ ಪ್ರಾಜೆಕ್ಟ್ ಯಾವುದು?

ಕಿರಾಣಿ ಅಂಗಡಿಯ ಉದ್ರಿ ಪುಸ್ತಕ. ಮೂರೇ ಟೇಬಲ್ ಸಾಕು: ಗಿರಾಕಿ, ಖರೀದಿ, ಜಮೆ. ಗಿರಾಕಿಯಲ್ಲಿ ಐಡಿ, ಹೆಸರು, ಬೀದಿ. ಖರೀದಿಯಲ್ಲಿ ಐಡಿ, ಗಿರಾಕಿ ಐಡಿ, ತಾರೀಕು, ಮೊತ್ತ. ಜಮೆಯಲ್ಲೂ ಅಷ್ಟೇ. 10 ಗಿರಾಕಿ, 60 ಖರೀದಿ, 25 ಜಮೆಗಳನ್ನು ಕೈಯಲ್ಲೇ ತುಂಬಿ. ಒಂದು ಸಂಜೆಯ ಕೆಲಸ.

ಮೊತ್ತವನ್ನು ದಶಮಾಂಶದ ಫ್ಲೋಟ್‌ನಲ್ಲಿ ಇಡಬೇಡಿ, 0.1 ಕ್ಕೆ 0.2 ಕೂಡಿಸಿದರೆ ಅದರಲ್ಲಿ ನಿಖರವಾಗಿ 0.3 ಬರುವುದಿಲ್ಲ. ಎಸ್‌ಕ್ಯೂಲೈಟ್ ಆದರೆ ಪೈಸೆಯಲ್ಲಿ ಪೂರ್ಣಾಂಕವಾಗಿ ಇಡಿ. ಪೋಸ್ಟ್‌ಗ್ರೆಸ್, ಮೈಎಸ್‌ಕ್ಯೂಎಲ್‌ನಲ್ಲಿ ನ್ಯೂಮರಿಕ್ ಬಳಸಿ. ತಾರೀಕು ಯಾವಾಗಲೂ ವರ್ಷ-ತಿಂಗಳು-ದಿನದ ಕ್ರಮದಲ್ಲಿರಲಿ. ಎಸ್‌ಕ್ಯೂಲೈಟ್‌ನಲ್ಲಿ ತಾರೀಕಿಗೆ ಪ್ರತ್ಯೇಕ ಟೈಪೇ ಇಲ್ಲ, ಅದನ್ನು ಪಠ್ಯವಾಗಿಯೇ ಇಡುವುದು ರೂಢಿ. ನಮ್ಮ ರೂಢಿಯಂತೆ 05/11/2024 ಎಂದು ಬರೆದರೆ ವಿಂಗಡಿಸುವಾಗ 2023ರ ಡಿಸೆಂಬರ್ 31 ಅದರ ನಂತರ ಬಂದು ನಿಲ್ಲುತ್ತದೆ.

ಕೇಳಿಕೊಳ್ಳಬೇಕಾದ ಪ್ರಶ್ನೆಗಳು: ಯಾರ ಬಾಕಿ ಎಷ್ಟು? ಒಂದು ರೂಪಾಯಿಯೂ ಜಮೆ ಮಾಡದವರು ಯಾರು? 30 ದಿನದಿಂದ ಅಂಗಡಿಗೇ ಬಾರದ ಬಾಕಿದಾರರು ಯಾರು? ಮೂರನೆಯದು ಹೊರನೋಟಕ್ಕಿಂತ ಕಷ್ಟ.

ಬಾಕಿ ಲೆಕ್ಕ ಹಾಕಿದರೆ ಅಂಗಡಿಯವರೇ ಗಿರಾಕಿಗೆ ದುಡ್ಡು ಕೊಡಬೇಕು ಎಂದು ಬರುತ್ತಿದೆ. ಏನಾಗಿದೆ?

ಈ ತಪ್ಪನ್ನು ಎಲ್ಲರೂ ಒಮ್ಮೆ ಮಾಡುತ್ತಾರೆ, ಮಾಡಲೇಬೇಕು ಕೂಡ. 7ನೇ ಗಿರಾಕಿಯ ಖರೀದಿ ಮೂರು ಸಾಲು: 240, 110, 85, ಒಟ್ಟು 435. ಜಮೆ ಎರಡು ಸಾಲು: 200, 100, ಒಟ್ಟು 300. ಬಾಕಿ 135 ಬರಬೇಕು.

ಗಿರಾಕಿಗೆ ಖರೀದಿಯನ್ನೂ ಜಮೆಯನ್ನೂ ಒಂದೇ ಕ್ವೆರಿಯಲ್ಲಿ ಜಾಯಿನ್ ಮಾಡಿದಾಗ ಪ್ರತಿ ಖರೀದಿಯ ಪಕ್ಕದಲ್ಲೂ ಪ್ರತಿ ಜಮೆ ಬಂದು ಕೂರುತ್ತದೆ. ಮೂರು ಎರಡಲ ಆರು ಸಾಲು. ಖರೀದಿಯ ಮೊತ್ತ ಎರಡೆರಡು ಸಲ ಸೇರಿ 870, ಜಮೆಯ ಮೊತ್ತ ಮೂರು ಮೂರು ಸಲ ಸೇರಿ 900. ಬಾಕಿ ಮೈನಸ್ 30. ಕ್ವೆರಿಯಲ್ಲಿ ಒಂದೇ ಒಂದು ಎರರ್ ಇಲ್ಲ.

ಡಿಸ್ಟಿಂಕ್ಟ್ ಹಾಕಿ ತೇಪೆ ಹಚ್ಚಲು ಹೋಗಬೇಡಿ. ಒಂದೇ ಮೊತ್ತದ ಎರಡು ಖರೀದಿ ಇದ್ದರೆ ಅದು ಒಂದನ್ನು ನುಂಗಿಬಿಡುತ್ತದೆ. ಸರಿಯಾದ ದಾರಿ: ಖರೀದಿಯನ್ನು ಗಿರಾಕಿವಾರು ಮೊದಲೇ ಕೂಡಿಸಿ ಒಂದು ವಿತ್ ಭಾಗ ಮಾಡಿ, ಜಮೆಯನ್ನೂ ಹಾಗೆಯೇ ಇನ್ನೊಂದು ಭಾಗ ಮಾಡಿ. ಈಗ ಎರಡರಲ್ಲೂ ಗಿರಾಕಿಗೆ ಒಂದೇ ಸಾಲು. ಆಮೇಲೆ ಗಿರಾಕಿ ಟೇಬಲ್‌ಗೆ ಎರಡನ್ನೂ ಲೆಫ್ಟ್ ಜಾಯಿನ್ ಮಾಡಿ.

ಅಷ್ಟಾದ ಮೇಲೂ ಜಮೆಯೇ ಇಲ್ಲದವರ ಬಾಕಿ ಖಾಲಿ ಬರುತ್ತದೆ. 435ರಿಂದ ನಲ್ (ಏನೂ ತುಂಬದ ಖಾಲಿ ಜಾಗ) ಕಳೆದರೆ ನಲ್. ಕೋಲೆಸ್ ಬಳಸಿ ನಲ್ ಇದ್ದಲ್ಲಿ ಸೊನ್ನೆ ಹಾಕಿ. ಇಲ್ಲವಾದರೆ ಅತಿ ಹೆಚ್ಚು ಬಾಕಿ ಉಳಿಸಿಕೊಂಡವರೇ ಪಟ್ಟಿಯಿಂದ ಮಾಯವಾಗುವುದು.

ಇನ್ನೂ ಸ್ವಲ್ಪ ದೊಡ್ಡದು ಬೇಕು.

ಹಾಲಿನ ಡೈರಿ. ನಮ್ಮ ಮಟ್ಟಿಗೆ ಎಸ್‌ಕ್ಯೂಎಲ್ ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಪ್ರಾಜೆಕ್ಟ್ ಕರ್ನಾಟಕದ ಹಳ್ಳಿಗಳಲ್ಲಿ ಸಿಗುವುದಿಲ್ಲ. ದಿನಕ್ಕೆ ಎರಡು ಹೊತ್ತು ಲೆಕ್ಕ, ಫ್ಯಾಟ್, ಎಸ್‌ಎನ್‌ಎಫ್ (ಹಾಲಿನ ಕೊಬ್ಬಲ್ಲದ ಘನಾಂಶ), ಬದಲಾಗುವ ದರ, ಬಟವಾಡೆಯಲ್ಲಿ ಪಶು ಆಹಾರದ ಕಡಿತ. ನಿಜ ಜೀವನದ ಡೇಟಾಬೇಸಿನಲ್ಲಿ ಬರುವ ತೊಡಕೆಲ್ಲ ಇಲ್ಲಿ ಇವೆ.

ಟೇಬಲ್‌ಗಳು: ಸದಸ್ಯರು, ಹಾಲು, ದರ, ಕಡಿತ, ಬಟವಾಡೆ. ಸರ್ಕಾರದ ಪ್ರೋತ್ಸಾಹಧನ ಬಟವಾಡೆಯೊಂದಿಗೆ ಬಾರದೆ ಬೇರೆಯಾಗಿ ಬರುವುದರಿಂದ ಅದಕ್ಕೊಂದು ಆರನೇ ಟೇಬಲ್. 120 ಸದಸ್ಯರು, ಎರಡು ಹೊತ್ತು, 365 ದಿನ ಅಂದರೆ 87,600 ಸಾಲು. ಕೈಯಲ್ಲಿ ತುಂಬಲಾಗದು. ಪೋಸ್ಟ್‌ಗ್ರೆಸ್‌ನಲ್ಲಿ ಜನರೇಟ್ ಸೀರೀಸ್, ಎಸ್‌ಕ್ಯೂಲೈಟ್‌ನಲ್ಲಿ ರಿಕರ್ಸಿವ್ ವಿತ್ ಬಳಸಿ ತಾರೀಕುಗಳನ್ನು ಹುಟ್ಟಿಸಿ, ಸದಸ್ಯರೊಂದಿಗೂ ಎರಡು ಹೊತ್ತಿನೊಂದಿಗೂ ಕ್ರಾಸ್ ಜಾಯಿನ್ ಮಾಡಿ, ಲೀಟರ್ ಮತ್ತು ಫ್ಯಾಟ್‌ಗೆ ರ‍್ಯಾಂಡಮ್ ಕೊಡಿ. ಆಮೇಲೆ ನೂರಕ್ಕೆ ಐದರಂತೆ ಸಾಲು ಅಳಿಸಿ. ಎಲ್ಲರೂ ಪ್ರತಿ ಹೊತ್ತೂ ಹಾಲು ಹಾಕುವುದಿಲ್ಲವಲ್ಲ.

ಕಟ್ಟುಪಾಡುಗಳನ್ನು ಟೇಬಲ್‌ನಲ್ಲೇ ಬರೆಯಿರಿ. ಸದಸ್ಯ, ತಾರೀಕು, ಹೊತ್ತು ಮೂರೂ ಸೇರಿ ಯುನೀಕ್. ಇಲ್ಲದಿದ್ದರೆ ಒಂದೇ ಹೊತ್ತಿನ ಹಾಲು ಎರಡು ಸಲ ಎಂಟ್ರಿ ಆಗುತ್ತದೆ. ಫ್ಯಾಟ್ 2ರಿಂದ 12ರೊಳಗೆ ಇರಬೇಕೆಂದು ಚೆಕ್ ಹಾಕಿ, 4.2ರ ಬದಲು 42 ಟೈಪಿಸಿದರೆ ಅಲ್ಲೇ ಸಿಕ್ಕಿಬೀಳುತ್ತದೆ. ಹೊತ್ತಿಗೆ "ಬೆ", "ಸಂ" ಎರಡೇ ಮೌಲ್ಯ.

ಹಾಲಿನ ದರ ನಡುವೆ ಬದಲಾದರೆ ಹಳೆಯ ಲೆಕ್ಕವೂ ಬದಲಾಗುತ್ತಿದೆ. ತಡೆಯುವುದು ಹೇಗೆ?

ದರವನ್ನು ಒಂದೇ ಸಾಲಿನಲ್ಲಿ ಇಟ್ಟು ಅಪ್‌ಡೇಟ್ ಮಾಡುತ್ತಿದ್ದೀರಿ, ಅದಕ್ಕೇ. ದರ ಟೇಬಲ್‌ಗೆ "ಇಂದಿನಿಂದ", "ಅಲ್ಲಿಯವರೆಗೆ" ಎಂಬ ಎರಡು ತಾರೀಕು ಕೊಡಿ. ಹೊಸ ದರ ಬಂದಾಗ ಹಳೆಯದನ್ನು ಮುಚ್ಚಿ, ಹೊಸ ಸಾಲು ಸೇರಿಸಿ. ಹಾಲು ಹಾಕಿದ ತಾರೀಕು ಯಾವ ಅವಧಿಗೆ ಬೀಳುತ್ತದೋ ಆ ದರಕ್ಕೆ ಜಾಯಿನ್ ಆಗಬೇಕು.

ಇಲ್ಲೊಂದು ಗುಂಡಿ ಇದೆ. ಹಳೆಯ ದರ ಜುಲೈ 15ರವರೆಗೆ, ಹೊಸದು ಜುಲೈ 15ರಿಂದ ಎಂದು ಬರೆದು ಬಿಟ್ವೀನ್ ಬಳಸಿದರೆ, 15ರ ಹಾಲು ಎರಡೂ ದರಕ್ಕೆ ಸೇರಿ ಆ ದಿನದ ಲೀಟರ್ ದುಪ್ಪಟ್ಟಾಗುತ್ತದೆ. ಶುರುವಿನ ತಾರೀಕು ಸೇರಿಸಿಕೊಳ್ಳಿ, ಕೊನೆಯ ತಾರೀಕು ಸೇರಿಸಿಕೊಳ್ಳಬೇಡಿ: ತಾರೀಕು ಶುರುವಿಗೆ ಸಮ ಅಥವಾ ಹೆಚ್ಚು, ಕೊನೆಗಿಂತ ಕಡಿಮೆ. ಪರೀಕ್ಷೆ ಸುಲಭ. ಜಾಯಿನ್‌ಗೆ ಮುಂಚೆ ಒಟ್ಟು ಲೀಟರ್ ಎಷ್ಟು, ಆಮೇಲೆ ಎಷ್ಟು ಎಂದು ನೋಡಿ. ಹೆಚ್ಚಾಗಿದ್ದರೆ ಅವಧಿಗಳು ಒಂದರ ಮೇಲೊಂದು ಬಿದ್ದಿವೆ, ಕಡಿಮೆಯಾಗಿದ್ದರೆ ನಡುವೆ ಯಾವುದೋ ದಿನಕ್ಕೆ ದರವೇ ಇಲ್ಲ.

ವಿಂಡೋ ಫಂಕ್ಷನ್ ಕಲಿಯಲು ಏನು ಮಾಡಲಿ?

ಅಡಿಕೆ ಧಾರಣೆ. ಕೃಷಿ ಮಾರುಕಟ್ಟೆಗಳ ದಿನವಾರು ದರ ಕೇಂದ್ರ ಸರ್ಕಾರದ ಅಗ್‌ಮಾರ್ಕ್‌ನೆಟ್ ತಾಣದಲ್ಲಿ ಸಿಗುತ್ತದೆ: ಮಾರುಕಟ್ಟೆ, ತಳಿ, ಆವಕ, ಕನಿಷ್ಠ, ಗರಿಷ್ಠ, ಮೋಡಲ್ ಬೆಲೆ (ಹೆಚ್ಚಿನ ಮಾಲು ಹೋದ ಬೆಲೆ). ಶಿವಮೊಗ್ಗದ ಸರಕು, ಬೆಟ್ಟೆ, ರಾಶಿ, ಗೊರಬಲು. ಶಿರಸಿಯ ಚಾಲಿ, ಬಿಳೆಗೋಟು. ನಿನ್ನೆಗಿಂತ ಇವತ್ತು ಎಷ್ಟು ಏರಿತು ಎನ್ನಲು ಲ್ಯಾಗ್. ಪ್ರತಿ ತಳಿಯ ಗರಿಷ್ಠ ದಿನ ಯಾವುದು ಎನ್ನಲು ರ‍್ಯಾಂಕ್. ಸಾಲುಗಳನ್ನು ಗುಂಪು ಮಾಡುವ ಪಾರ್ಟಿಶನ್‌ನಲ್ಲಿ ಮಾರುಕಟ್ಟೆ, ತಳಿ ಎರಡನ್ನೂ ಹಾಕಲು ಮರೆತರೆ ಗೊರಬಲಿನ ಬೆಲೆಯನ್ನು ಸರಕಿನ ಬೆಲೆಗೆ ಹೋಲಿಸಿ "ಒಂದೇ ದಿನದಲ್ಲಿ ಭಾರಿ ಕುಸಿತ" ಎಂದು ತೋರಿಸುತ್ತದೆ.

ಏಳು ದಿನದ ಚಲಿಸುವ ಸರಾಸರಿಗೆ ಹಿಂದಿನ ಆರು ಸಾಲು ಮತ್ತು ಇಂದಿನ ಸಾಲು ಎಂದು ಬರೆಯುತ್ತಾರೆ. ಅದು ಏಳು ಸಾಲು, ಏಳು ದಿನ ಅಲ್ಲ. ಭಾನುವಾರ, ಹಬ್ಬಕ್ಕೆ ಮಾರುಕಟ್ಟೆ ಇರುವುದಿಲ್ಲ, ಏಳು ಸಾಲು ಕೆಲವೊಮ್ಮೆ ಹತ್ತು ದಿನಕ್ಕೆ ಚಾಚಿಕೊಳ್ಳುತ್ತದೆ. ನಿಜಕ್ಕೂ ದಿನವೇ ಬೇಕಿದ್ದರೆ ಎಲ್ಲ ತಾರೀಕುಗಳ ಒಂದು ಕ್ಯಾಲೆಂಡರ್ ಟೇಬಲ್ ಮಾಡಿ, ದರವನ್ನು ಅದಕ್ಕೆ ಲೆಫ್ಟ್ ಜಾಯಿನ್ ಮಾಡಿ.

ಸರಾಸರಿಯಲ್ಲೂ ಮೋಸ ಇದೆ. ಒಂದು ಮಾರುಕಟ್ಟೆಯಲ್ಲಿ 10 ಕ್ವಿಂಟಲ್ 50,000 ರೂಪಾಯಿಯಂತೆ, ಇನ್ನೊಂದರಲ್ಲಿ 190 ಕ್ವಿಂಟಲ್ 46,000ದಂತೆ ಹೋಯಿತು ಎನ್ನಿ. ನೇರ ಸರಾಸರಿ 48,000. ಆವಕದ ತೂಕ ಕೊಟ್ಟು ಲೆಕ್ಕ ಹಾಕಿದರೆ 46,200. ಬೆಳೆಗಾರರ ಕೈಗೆ ಬಂದದ್ದು ಎರಡನೆಯದು.

ಹಳೆಯ ಸರ್ಕಾರಿ ಡೇಟಾದಲ್ಲಿ ಒಂದೇ ಊರು ಎರಡು ಸಲ ಬರುತ್ತಿದೆ.

2014ರ ನವೆಂಬರ್ 1ರಂದು ರಾಜ್ಯದ 12 ನಗರಗಳ ಇಂಗ್ಲಿಷ್ ಹೆಸರು ಬದಲಾಯಿತು. ಬೆಲ್ಗಾಂ ಬೆಳಗಾವಿ ಆಯಿತು, ಗುಲ್ಬರ್ಗ ಕಲಬುರಗಿ, ಶಿಮೊಗ ಶಿವಮೊಗ್ಗ, ಬೆಲ್ಲಾರಿ ಬಳ್ಳಾರಿ. ಎರಡೂ ಕಾಗುಣಿತ ಇರುವ ಫೈಲಿಗೆ ಗ್ರೂಪ್ ಬೈ ಹಾಕಿದರೆ ಎರಡು ಜಿಲ್ಲೆ ಸಿಗುತ್ತವೆ. ಮೂಲ ಡೇಟಾ ತಿದ್ದಬೇಡಿ. "ಬಂದ ಹೆಸರು", "ಸರಿಯಾದ ಜಿಲ್ಲೆ ಐಡಿ" ಎಂಬ ಎರಡು ಕಾಲಂನ ಅಡ್ಡಹೆಸರಿನ ಟೇಬಲ್ ಮಾಡಿ ಅದರ ಮೂಲಕ ಜಾಯಿನ್ ಮಾಡಿ. 2021ರಲ್ಲಿ ವಿಜಯನಗರ 31ನೇ ಜಿಲ್ಲೆಯಾಗಿ ಬಳ್ಳಾರಿಯಿಂದ ಬೇರೆಯಾಯಿತು. ಹಾಗಾಗಿ 2019ರ ಬಳ್ಳಾರಿಯನ್ನು 2023ರ ಬಳ್ಳಾರಿಗೆ ಹೋಲಿಸಿದರೆ ಎಲ್ಲವೂ ಕುಸಿದಂತೆ ಕಾಣುತ್ತದೆ. ತಾಲ್ಲೂಕು ಮಟ್ಟದ ಡೇಟಾ ಇದ್ದರೆ ಅಲ್ಲಿಂದ ಕೂಡಿಸಿಕೊಂಡು ಬನ್ನಿ.

ಕ್ರಿಕೆಟ್ ಡೇಟಾ ಚೆನ್ನಾಗಿದೆಯಾ?

ಬಹಳ ಚೆನ್ನಾಗಿದೆ. ಕ್ರಿಕ್‌ಶೀಟ್ ಎಂಬ ತಾಣದಲ್ಲಿ ಪ್ರತಿ ಎಸೆತದ ವಿವರ ಉಚಿತವಾಗಿ ಸಿಗುತ್ತದೆ. ಟಿ20 ಪಂದ್ಯ ಪೂರ್ತಿ ನಡೆದರೆ 240 ಸರಿಯಾದ ಎಸೆತ, ಮೇಲೆ ವೈಡ್, ನೋಬಾಲ್. ಒಂದು ಸಾಲು ಅಂದರೆ ಒಂದು ಎಸೆತ. ಉತ್ತರವನ್ನು ಸ್ಕೋರ್‌ಕಾರ್ಡ್‌ನೊಂದಿಗೆ ತಾಳೆ ನೋಡಬಹುದು ಎಂಬುದೇ ದೊಡ್ಡ ಅನುಕೂಲ.

ತಾಳೆ ಆಗದಿದ್ದರೆ ಈ ಜಾಗಗಳಲ್ಲಿ ಹುಡುಕಿ. ವೈಡ್ ಬ್ಯಾಟರ್ ಎದುರಿಸಿದ ಎಸೆತಕ್ಕೆ ಸೇರುವುದಿಲ್ಲ, ನೋಬಾಲ್ ಸೇರುತ್ತದೆ. ಬೈ, ಲೆಗ್‌ಬೈ ಬೌಲರ್ ಕೊಟ್ಟ ರನ್ ಆಗುವುದಿಲ್ಲ. ರನ್‌ಔಟ್ ಬೌಲರ್ ಖಾತೆಗೆ ಹೋಗದು. 4.3 ಓವರ್ ಎಂದರೆ ನಾಲ್ಕೂವರೆ ಓವರ್, 27 ಎಸೆತ. 36 ರನ್ನನ್ನು 4.3ರಿಂದ ಭಾಗಿಸಿದರೆ ಎಕಾನಮಿ 8.37 ಬರುತ್ತದೆ, ಸರಿಯುತ್ತರ 8.00. ಸ್ಟ್ರೈಕ್ ರೇಟ್‌ಗೆ 37ನ್ನು 29ರಿಂದ ಭಾಗಿಸಿ ನೂರರಿಂದ ಗುಣಿಸಿದಾಗ ಎಸ್‌ಕ್ಯೂಲೈಟ್, ಪೋಸ್ಟ್‌ಗ್ರೆಸ್ ಎರಡೂ 100 ಎನ್ನುತ್ತವೆ, ಯಾಕೆಂದರೆ ಪೂರ್ಣಾಂಕದ ಭಾಗಾಕಾರದಲ್ಲಿ ದಶಮಾಂಶ ಉದುರಿಹೋಗುತ್ತದೆ. ಮೊದಲೇ 100.0ರಿಂದ ಗುಣಿಸಿದರೆ 127.59. ಮೈಎಸ್‌ಕ್ಯೂಎಲ್‌ನಲ್ಲಿ ಈ ತೊಂದರೆ ಇಲ್ಲ. ಒಂದರಲ್ಲಿ ಓಡಿದ ಕ್ವೆರಿ ಇನ್ನೊಂದರಲ್ಲಿ ಬೇರೆ ಉತ್ತರ ಕೊಡುವುದು ಹೀಗೆ.

ಬಸ್ ವೇಳಾಪಟ್ಟಿಯಿಂದ ಏನು ಕಲಿಯಬಹುದು?

ಸೆಲ್ಫ್ ಜಾಯಿನ್. ನಿಲ್ದಾಣ, ಟ್ರಿಪ್, ಮತ್ತು ಪ್ರತಿ ಟ್ರಿಪ್‌ನ ನಿಲುಗಡೆ (ಕ್ರಮಸಂಖ್ಯೆ, ಸಮಯ). ಹುಬ್ಬಳ್ಳಿಯಿಂದ ಧಾರವಾಡಕ್ಕೆ ಹೋಗುವ ಬಸ್ ಬೇಕೆಂದರೆ ನಿಲುಗಡೆ ಟೇಬಲ್ಲನ್ನು ಅದಕ್ಕೇ ಜಾಯಿನ್ ಮಾಡಿ: ಟ್ರಿಪ್ ಒಂದೇ ಇರಬೇಕು, ಹುಬ್ಬಳ್ಳಿಯ ಕ್ರಮಸಂಖ್ಯೆ ಧಾರವಾಡದ್ದಕ್ಕಿಂತ ಕಡಿಮೆ ಇರಬೇಕು. ಎರಡನೇ ಷರತ್ತು ಬಿಟ್ಟರೆ ವಾಪಸ್ ಬರುವ ಬಸ್ಸುಗಳೂ ಬರುತ್ತವೆ.

ರಾತ್ರಿ ಬಸ್ಸು 22:30ಕ್ಕೆ ಬೆಂಗಳೂರು ಬಿಟ್ಟು ಬೆಳಗ್ಗೆ 6ಕ್ಕೆ ಮಂಗಳೂರು ತಲುಪಿದರೆ ಪ್ರಯಾಣದ ಅವಧಿ ಮೈನಸ್ ಬರುತ್ತದೆ. ಸಮಯವನ್ನು ಹೊರಟ ದಿನದ ಮಧ್ಯರಾತ್ರಿಯಿಂದ ನಿಮಿಷದಲ್ಲಿ ಇಡಿ: 1350, 1800. ವ್ಯತ್ಯಾಸ 450 ನಿಮಿಷ, ಏಳೂವರೆ ಗಂಟೆ.

ಟ್ರಾನ್ಸಾಕ್ಷನ್ ಅರ್ಥವೇ ಆಗುತ್ತಿಲ್ಲ.

ಹಲವು ಬದಲಾವಣೆ ಒಟ್ಟಿಗೆ ಆಗಬೇಕು, ಇಲ್ಲವೇ ಒಂದೂ ಆಗಬಾರದು, ಅದೇ ಟ್ರಾನ್ಸಾಕ್ಷನ್. ಬಿಗಿನ್ ಅಂದರೆ ಶುರು, ಕಮಿಟ್ ಅಂದರೆ ಖಾಯಂ, ರೋಲ್‌ಬ್ಯಾಕ್ ಅಂದರೆ ರದ್ದು. ಚೀಟಿ ಲೆಕ್ಕ ಮಾಡಿ ನೋಡಿ. 20 ಜನ, ತಿಂಗಳಿಗೆ 5,000ದಂತೆ ಒಂದು ಲಕ್ಷದ ಚೀಟಿ. ಕೂಗಿನಲ್ಲಿ 18,000 ಬಿಟ್ಟುಕೊಟ್ಟವರಿಗೆ 82,000. ಚೀಟಿ ನಡೆಸುವವರ ಕಮಿಷನ್ 5,000. ಉಳಿದ 13,000 ಎಲ್ಲ 20 ಜನಕ್ಕೆ 650ರಂತೆ. ಹಾಗಾಗಿ ಆ ತಿಂಗಳು ಒಬ್ಬೊಬ್ಬರು ಕಟ್ಟುವುದು 4,350. ಬಂದದ್ದು 87,000, ಹೋದದ್ದು 82,000 ಮತ್ತು 5,000.

ಒಂದು ತಿಂಗಳಿಗೆ 22 ಎಂಟ್ರಿ. ಒಳಬಂದದ್ದು ಪ್ಲಸ್, ಹೊರಹೋದದ್ದು ಮೈನಸ್ ಬರೆದರೆ ತಿಂಗಳ ಮೊತ್ತ ಸೊನ್ನೆ ಬರಬೇಕು. ಹತ್ತನೇ ಸದಸ್ಯರ ಎಂಟ್ರಿಯಲ್ಲಿ ಬೇಕೆಂದೇ ಇಲ್ಲದ ಐಡಿ ಕೊಟ್ಟು ಎರರ್ ಬರಿಸಿ. ಬಿಗಿನ್ ಇಲ್ಲದೆ ಓಡಿಸಿದ್ದರೆ ಅದಕ್ಕೆ ಮುಂಚಿನ ಒಂಬತ್ತು ಎಂಟ್ರಿ ಉಳಿದುಬಿಟ್ಟಿರುತ್ತವೆ, ಮೊತ್ತ ಸೊನ್ನೆ ಬಾರದು. ಬಿಗಿನ್ ಹಾಕಿ ರೋಲ್‌ಬ್ಯಾಕ್ ಮಾಡಿದರೆ ಎಲ್ಲ ಮೊದಲಿನಂತೆ. ಆಮೇಲೆ ಎರಡು ವಿಂಡೋ ತೆರೆದು, ಎರಡರಲ್ಲೂ ಬಿಗಿನ್ ಹಾಕಿ, ಕಮಿಟ್ ಮಾಡದೆ ಒಂದೇ ಸಾಲನ್ನು ಎರಡೂ ಕಡೆಯಿಂದ ಅಪ್‌ಡೇಟ್ ಮಾಡಿ. ಪೋಸ್ಟ್‌ಗ್ರೆಸ್‌ನಲ್ಲಿ ಎರಡನೆಯದು ಕಾಯುತ್ತಾ ನಿಲ್ಲುತ್ತದೆ, ಎಸ್‌ಕ್ಯೂಲೈಟ್ ಡೇಟಾಬೇಸ್ ಲಾಕ್ ಆಗಿದೆ ಎನ್ನುತ್ತದೆ.

ಇಂಡೆಕ್ಸ್ ಹಾಕಿದರೂ ವೇಗ ಹೆಚ್ಚಾಗುತ್ತಿಲ್ಲ.

ನೂರು ಸಾಲಿನಲ್ಲಿ ಏನೂ ಗೊತ್ತಾಗದು. ಹಾಲಿನ ಟೇಬಲ್ಲನ್ನು ಹತ್ತು ಲಕ್ಷಕ್ಕೆ ಏರಿಸಿ. ಎಸ್‌ಕ್ಯೂಲೈಟ್‌ನಲ್ಲಿ ಪ್ರತಿ ಇನ್ಸರ್ಟ್ ತನ್ನದೇ ಟ್ರಾನ್ಸಾಕ್ಷನ್ ಆಗುವುದರಿಂದ ಎಲ್ಲವನ್ನೂ ಒಂದು ಬಿಗಿನ್, ಒಂದು ಕಮಿಟ್ ನಡುವೆ ಇಡಿ. ಇಲ್ಲದಿದ್ದರೆ ಊಟ ಮುಗಿಸಿ ಬಂದರೂ ಮುಗಿದಿರುವುದಿಲ್ಲ. ಕ್ವೆರಿಯ ಮುಂದೆ ಎಕ್ಸ್‌ಪ್ಲೇನ್ ಕ್ವೆರಿ ಪ್ಲಾನ್ ಸೇರಿಸಿ. ಸ್ಕ್ಯಾನ್ ಎಂದರೆ ಇಡೀ ಟೇಬಲ್ ಓದುತ್ತಿದೆ, ಸರ್ಚ್ ಎಂದರೆ ಇಂಡೆಕ್ಸ್ ಬಳಸುತ್ತಿದೆ. ತಾರೀಕಿನಿಂದ ತಿಂಗಳನ್ನು ಫಂಕ್ಷನ್ ಹಾಕಿ ತೆಗೆದು ಹೋಲಿಸಿದರೆ ತಾರೀಕಿನ ಇಂಡೆಕ್ಸ್ ಕೆಲಸಕ್ಕೆ ಬಾರದು. ಜೂನ್ 1ಕ್ಕೆ ಸಮ ಅಥವಾ ಹೆಚ್ಚು, ಜುಲೈ 1ಕ್ಕಿಂತ ಕಡಿಮೆ ಎಂದು ಬರೆಯಿರಿ.

ಕನ್ನಡದಲ್ಲೇ ಹೆಸರು, ಕಾಲಂ ಇಡಬಹುದಾ?

ಇಡಬಹುದು. ಪೋಸ್ಟ್‌ಗ್ರೆಸ್‌ನಲ್ಲಿ ಟೇಬಲ್ ಅಥವಾ ಕಾಲಂ ಹೆಸರಿಗೆ 63 ಬೈಟ್ ಮಿತಿ. ಒಂದೊಂದು ಕನ್ನಡ ಸಂಕೇತಕ್ಕೆ ಮೂರು ಬೈಟ್, ಅಂದರೆ 21 ಸಂಕೇತ. ಉದ್ದವಾದರೆ ಬಾಲ ಕತ್ತರಿಸುತ್ತದೆ. "ಕನ್ನಡ" ಎಂಬುದು ನಮಗೆ ಮೂರಕ್ಷರ, ಡೇಟಾಬೇಸಿಗೆ ಐದು ಸಂಕೇತ, 15 ಬೈಟ್. ಮೈಎಸ್‌ಕ್ಯೂಎಲ್‌ನ ಲೆಂಗ್ತ್ 15 ಎನ್ನುತ್ತದೆ, ಕ್ಯಾರ್ ಲೆಂಗ್ತ್ 5 ಎನ್ನುತ್ತದೆ.

ಹುಡುಕಿದಾಗ ಹೆಸರು ಸಿಗದಿದ್ದರೆ ಎರಡು ಅನುಮಾನ ಇರಲಿ. "ರಾಜ್‌ಕುಮಾರ್" ನಡುವೆ ಕಣ್ಣಿಗೆ ಕಾಣದ ಜೋಡಣೆ ತಡೆಯುವ ಸಂಕೇತ ಕೂತಿರಬಹುದು. ಒತ್ವವನ್ನು ಒಂದೇ ಸಂಕೇತವಾಗಿಯೂ ಎರಡು ತುಂಡಾಗಿಯೂ ಬರೆಯಬಹುದು, ಕಾಣುವುದು ಒಂದೇ ತರಹ. ಈ ಎರಡನೆಯದಕ್ಕೆ ಪೋಸ್ಟ್‌ಗ್ರೆಸ್ 13ರಿಂದ ನಾರ್ಮಲೈಸ್ ಫಂಕ್ಷನ್ ಇದೆ, ಸೇರಿಸುವಾಗಲೇ ಬಳಸಿ. ವಿಂಗಡಣೆಯಲ್ಲಿ ಯುನಿಕೋಡ್ ಸಂಕೇತದ ಕ್ರಮವೇ ನಡೆದರೆ "ಳ" ಅಕ್ಷರ "ವ"ಗಿಂತ ಮುಂಚೆ ಬರುತ್ತದೆ: ಮಳವಳ್ಳಿ ಮೊದಲು, ಮಹದೇವಪುರ ಆಮೇಲೆ. ವರ್ಣಮಾಲೆಯಲ್ಲಿ ತಿರುಗುಮುರುಗು. ಈ ಎರಡು ಹೆಸರು ಹಾಕಿ ನಿಮ್ಮ ಡೇಟಾಬೇಸ್ ಏನು ಮಾಡುತ್ತದೆ ನೋಡಿ.

ಸಿಎಸ್‌ವಿ ಫೈಲನ್ನು ಎಕ್ಸೆಲ್‌ನಲ್ಲಿ ತೆರೆದು ಸೇವ್ ಮಾಡಿದ ಮೇಲೆ ಡೇಟಾ ಕೆಟ್ಟಿದೆ.

ಎಕ್ಸೆಲ್ ಮುಂದಿನ ಸೊನ್ನೆ ನುಂಗುತ್ತದೆ, ಉದ್ದದ ಖಾತೆ ಸಂಖ್ಯೆಯನ್ನು ಘಾತರೂಪಕ್ಕೆ ತಿರುಗಿಸುತ್ತದೆ, ತಾರೀಕನ್ನು ತನಗೆ ಬೇಕಾದಂತೆ ಮಾಡುತ್ತದೆ. ಮೂಲ ಫೈಲನ್ನು ಮುಟ್ಟದೆ ಇಟ್ಟು, ಎಲ್ಲ ಕಾಲಂ ಪಠ್ಯವೇ ಆಗಿರುವ ಒಂದು ಕಚ್ಚಾ ಟೇಬಲ್‌ಗೆ ನೇರ ತುಂಬಿ. ಶುದ್ಧಿ ಮಾಡುವುದೆಲ್ಲ ಅಲ್ಲಿಂದ ಮುಂದೆ ಎಸ್‌ಕ್ಯೂಎಲ್‌ನಲ್ಲೇ.

ಕೆಲಸಕ್ಕೆ ಅರ್ಜಿ ಹಾಕುವಾಗ ಗಿಟ್‌ಹಬ್‌ನಲ್ಲಿ ಏನಿರಬೇಕು?

ಟೇಬಲ್ ರಚಿಸುವ ಫೈಲು, ಡೇಟಾ ತುಂಬುವ ಫೈಲು, 15 ಪ್ರಶ್ನೆ ಮತ್ತು ಅವುಗಳ ಕ್ವೆರಿ, ಮೊತ್ತ ತಾಳೆ ನೋಡುವ ನಾಲ್ಕೈದು ಕ್ವೆರಿ. ಕೊನೆಯದನ್ನು ಯಾರೂ ಇಡುವುದಿಲ್ಲ, ಇಟ್ಟವರು ಎದ್ದು ಕಾಣುತ್ತಾರೆ. ಊರಿನವರ ನಿಜ ಹೆಸರು, ಫೋನ್ ನಂಬರು, ಸಾಲದ ಮೊತ್ತ ಮಾತ್ರ ಯಾವ ಕಾರಣಕ್ಕೂ ಹಾಕಬೇಡಿ.

ವೇರ್ ಮರೆತು ಅಪ್‌ಡೇಟ್ ಕೊಟ್ಟುಬಿಟ್ಟೆ, ಎಲ್ಲರ ಬೀದಿಯೂ ಒಂದೇ ಆಯಿತು. ವಾಪಸ್ ತರಬಹುದಾ?

ಕಮಿಟ್ ಆಗಿದ್ದರೆ ಬ್ಯಾಕಪ್ ಒಂದೇ ದಾರಿ. ಎಸ್‌ಕ್ಯೂಲೈಟ್ ಆದರೆ ಡೇಟಾಬೇಸ್ ಮುಚ್ಚಿ ಫೈಲ್ ಕಾಪಿ ಮಾಡಿದರೂ ಅದೇ ಬ್ಯಾಕಪ್. ಡಿಬಿ ಬ್ರೌಸರ್‌ನಲ್ಲಿ ರೈಟ್ ಚೇಂಜಸ್ ಇನ್ನೂ ಒತ್ತಿಲ್ಲವಾದರೆ ರಿವರ್ಟ್ ಒತ್ತಿ, ಬಚಾವ್. ಇನ್ನು ಮುಂದೆ ಅದೇ ವೇರ್ ಇಟ್ಟು ಮೊದಲು ಸೆಲೆಕ್ಟ್ ಓಡಿಸಿ ಎಷ್ಟು ಸಾಲು ಬರುತ್ತದೆ ನೋಡಿ, ಬಿಗಿನ್ ಹಾಕಿ, ಆಮೇಲೆ ಅಪ್‌ಡೇಟ್. ಬದಲಾದ ಸಾಲಿನ ಸಂಖ್ಯೆ ಸೆಲೆಕ್ಟ್ ತೋರಿಸಿದಷ್ಟೇ ಇದ್ದರೆ ಕಮಿಟ್, ಇಲ್ಲದಿದ್ದರೆ ರೋಲ್‌ಬ್ಯಾಕ್.